ಹಳೆ ಬಂದರಿನ ಗೋದಾಮುಗಳನ್ನು ನೋಡುವ ಬಗೆ: ಹೊಸೂರು ಸೀಮೆಯ ರಸಿಕರಿಗೊಂದು ಕೈಪಿಡಿ

ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿಗಳ ಕಡೆ ಕಡಲಿಲ್ಲ, ಹಡಗು ನಡೆಯುವ ಹೊಳೆಯೂ ಇಲ್ಲ. ಆದರೂ ಅಲ್ಲಿನ ಹಳೆಯ ಮನೆಗಳ ಮೇಲೆ ಕಾಣುವ ಕೆಂಪು ಹೆಂಚು ಇಂದಿಗೂ ಮಂಗಳೂರು ಹೆಂಚೆಂದೇ ಹೆಸರಾಗಿದೆ. 1956ರವರೆಗೆ ಸೇಲಂ ಜಿಲ್ಲೆಯ ಹೊಸೂರೂ ದಕ್ಷಿಣ ಕನ್ನಡವೂ ಒಂದೇ ಮದ್ರಾಸು ಆಡಳಿತಕ್ಕೆ ಸೇರಿದ್ದವಾದ್ದರಿಂದ, ಆ ಹೆಂಚು ಹಡಗೇರುತ್ತಿದ್ದ ಮಂಗಳೂರಿನ ಹಳೆ ಬಂದರು ಗಡಿಯಾಚೆಯ ಕನ್ನಡಿಗರಿಗೆ ಪರಸ್ಥಳವೇನಲ್ಲ.

ಬಂದರನ್ನು ನೋಡಹೊರಟವರು ಮೊದಲು ಅಲ್ಲಿನ ನೀರಿನ ನಡೆಯನ್ನು ತಿಳಿಯಬೇಕು. ಫಲ್ಗುಣಿ ಎಂದೂ ಕರೆಯಲಾಗುವ ಗುರುಪುರ ನದಿಯು ಕಡಲ ಸಮೀಪಕ್ಕೆ ಬಂದರೂ ನೇರವಾಗಿ ಅದನ್ನು ಕೂಡದೆ, ದಕ್ಷಿಣಕ್ಕೆ ತಿರುಗಿ, ತಣ್ಣೀರುಬಾವಿ ಮತ್ತು ಬೆಂಗ್ರೆಯ ಮರಳುದಿಣ್ಣೆಯ ಹಿಂದೆ ಕಾಲುವೆಯಂತೆ ಹರಿದು, ನೇತ್ರಾವತಿಯೊಡನೆ ಅಳಿವೆಯನ್ನು, ಅಂದರೆ ನದಿಯು ಸಮುದ್ರ ಸೇರುವ ಬಾಯನ್ನು, ತಲುಪುತ್ತದೆ. ದಿಣ್ಣೆಯ ಮರೆಯಲ್ಲಿ ಮಂಜಿಗಳಿಗೆ, ಎಂದರೆ ಮರದ ಸರಕು ಹಡಗುಗಳಿಗೆ, ಅಲೆಯ ಭಯವಿರಲಿಲ್ಲ. ಆದರೆ ಅಳಿವೆಯಲ್ಲಿ ಆಳ ಸಾಲದೆ ದೊಡ್ಡ ಹಡಗುಗಳು ಹೊರಗಡಲಲ್ಲೇ ಲಂಗರು ಹಾಕುತ್ತಿದ್ದುದರಿಂದ, ಸರಕನ್ನು ದೋಣಿಗಳಲ್ಲಿ ಅಲ್ಲಿಗೆ ಸಾಗಿಸಬೇಕಾಗುತ್ತಿತ್ತು, ಮಳೆಗಾಲದಲ್ಲಂತೂ ಆ ದಾರಿಯೂ ಮುಚ್ಚುತ್ತಿತ್ತು. ಹೀಗೆ ಕಾಯಬೇಕಾದ ಸರಕಿಗಾಗಿ ಎದ್ದವೇ ಧಕ್ಕೆಯ, ಅಂದರೆ ಹಡಗುಕಟ್ಟೆಯ, ಬೆನ್ನಿಗಿರುವ ಗೋದಾಮುಗಳು.

ಅವುಗಳಲ್ಲಿ ದೇವಾಲಯದ ಶಿಲ್ಪವನ್ನೋ ಅರಮನೆಯ ಕುಸುರಿಯನ್ನೋ ಹುಡುಕಿದವರಿಗೆ ನಿರಾಶೆಯೇ ಗತಿ. ಇಲ್ಲಿನ ಚೆಲುವು ಉಪಯೋಗದಿಂದ ಹುಟ್ಟಿದ್ದು. ಗೋಡೆಯ ಮುರಕಲ್ಲು, ಅಂದರೆ ಕರಾವಳಿಯ ಕೆಂಪು ಜಂಬಿಟ್ಟಿಗೆ, ನೆಲದಿಂದ ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಗಾರೆ ಉದುರಿದ ಕಡೆ ಅದರ ರಂಧ್ರಮಯ ಮೈಯನ್ನೂ ಕೊಡಲಿಯೇಟಿನ ಗೆರೆಗಳನ್ನೂ ಬೆರಳಿನಿಂದ ಮುಟ್ಟಿ ನೋಡಬಹುದು. ಅನಂತರ ಕಣ್ಣನ್ನು ಮೇಲಕ್ಕೆತ್ತಿ ಮಾಡನ್ನು, ಅಂದರೆ ಛಾವಣಿಯನ್ನು, ಒಳಗಿನಿಂದ ನೋಡಬೇಕು. ಇಳಿಜಾರಾಗಿ ನಿಂತ ಮರದ ತೊಲೆಗಳಾದ ಪಕ್ಕಾಸುಗಳ ಮೇಲೆ ಅಡ್ಡಲಾಗಿ ಹೊಡೆದ ತೆಳು ಪಟ್ಟಿಗಳಾದ ರೀಪುಗಳು, ಅವುಗಳಿಗೆ ತಮ್ಮ ಉಬ್ಬುಗಳಿಂದ ಸಿಕ್ಕಿಕೊಂಡು ಅಂಚಿಗೆ ಅಂಚು ಕೂಡಿದ ಹೆಂಚುಗಳು, ನಡುವೆ ಬೆಳಕಿಗೆಂದು ಇಟ್ಟ ಒಂದೆರಡು ಗಾಜಿನ ಹೆಂಚು: ಸುಣ್ಣಗಾರೆಯ ಬೆಸುಗೆಯಿಲ್ಲದೆ ಕರಾವಳಿಯ ಮಳೆಯನ್ನು ತಡೆಯುವ ಈ ಜೋಡಣೆ ಶಿಲ್ಪಕ್ಕೇನೂ ಕಡಿಮೆಯದಲ್ಲ.

ಹೆಂಚಿನ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಕ್ರೈಸ್ತ ಧರ್ಮಪ್ರಚಾರಕ ಸಂಸ್ಥೆಯಾದ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ, ನದೀತೀರದ ಜೇಡಿಮಣ್ಣನ್ನು ನಂಬಿ ಹಲವು ಕಾರ್ಖಾನೆಗಳು ತಲೆಯೆತ್ತಿದವು. ಮಿಷನ್ನಿನ ಹೆಂಚುಗಳ ಮೇಲೆ 1865 ಎಂಬ ಅಂಕಿ ಕಂಡರೆ ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಆ ಹೆಂಚು ಸುಟ್ಟ ವರ್ಷವಲ್ಲ. ಹೊಸಬರು ಇದರಿಂದ ಕಟ್ಟಡದ ವಯಸ್ಸನ್ನು ಲೆಕ್ಕಹಾಕಿ ತಪ್ಪುವುದುಂಟು. ಊರಿಗೆ ಮರಳಿದ ಮೇಲೆ ಹೊಸೂರಿನ ಹಳೆ ಮನೆಯೊಂದರ ಸೂರಿನಡಿ ನಿಂತು ಇದೇ ರೀತಿ ಮುದ್ರೆಯನ್ನು ಓದಿದರೆ, ಅದು ಯಾವ ಊರಿನ ಮಣ್ಣೆಂಬುದು ಗೊತ್ತಾಗುತ್ತದೆ.

ಹೆಂಚಲ್ಲದೆ ಕೊಡಗು ಮತ್ತು ಚಿಕ್ಕಮಗಳೂರಿನ ಕಾಫಿಯೂ ಘಟ್ಟವಿಳಿದು ಈ ಬಂದರಿಗೆ ಬಂದು, ಸಿಪ್ಪೆ ಸುಲಿದು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಕ್ಯೂರಿಂಗ್ ವರ್ಕ್ಸ್‌ಗಳನ್ನು ದಾಟಿ ಹಡಗು ಹತ್ತುತ್ತಿತ್ತು. 1907ರಲ್ಲಿ ರೈಲು ಬಂದದ್ದರ ಗುರುತು ಗೂಡ್ಸ್‌ಶೆಡ್ ರಸ್ತೆಯ ಹೆಸರಿನಲ್ಲಿದೆ. 1970ರ ದಶಕದಲ್ಲಿ ಪಣಂಬೂರಿನ ನವಮಂಗಳೂರು ಬಂದರು ತೆರೆದಾಗ ದೊಡ್ಡ ಹಡಗುಗಳು ಅತ್ತ ಹೋದವು. ಹಳೆ ಬಂದರಿಗೆ ಉಳಿದದ್ದು ಲಕ್ಷದ್ವೀಪಕ್ಕೆ ಹೋಗುವ ಸರಕು ಮತ್ತು ಮೀನುಗಾರಿಕೆ. ಕೋಟೆ ಮತ್ತು ಇಗರ್ಜಿಗಳಿಗೆ ಸಲ್ಲುವ ಕಾಳಜಿ ಈ ಗೋದಾಮುಗಳಿಗೆ ಸಲ್ಲದಿರುವುದು ದೊಡ್ಡ ಅನ್ಯಾಯ, ಏಕೆಂದರೆ ನಾಡಿನ ದುಡಿಮೆಯ ಚರಿತ್ರೆ ಇಷ್ಟು ಸ್ಪಷ್ಟವಾಗಿ ಉಳಿದಿರುವ ತಾಣಗಳು ವಿರಳ.

ಬೆಳಗಿನ ಹೊತ್ತು ಹೋಗುವುದು ಲೇಸು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಯಂತ್ರದೋಣಿಗಳೆಲ್ಲ ದಡದಲ್ಲಿರುತ್ತವೆ. ಕೆಲಸ ನಡೆಯುವುದನ್ನು ನೋಡಬಯಸುವವರು ಮಳೆಗಾಲ ಕಳೆದ ಮೇಲೆ ಹೊರಡಬೇಕು. ಗೋದಾಮುಗಳಲ್ಲಿ ಇಂದಿಗೂ ಜನ ದುಡಿಯುತ್ತಿರುವುದರಿಂದ, ಒಳಗೆ ಕಾಲಿಡುವ ಮುನ್ನ ಅಲ್ಲಿನವರನ್ನು ಕೇಳಿ, ಮೂಟೆ ಹೊತ್ತವರಿಗೆ ದಾರಿ ಬಿಟ್ಟು ನಿಲ್ಲಬೇಕು.