ಪ್ರೊತೆಯಾ: ಗೂಢಚಾರಿಣಿಯ ವೇಷ ಮತ್ತು ವೃತ್ತಿ

ಫ್ರಾನ್ಸಿನ ಮೂಕಿಚಿತ್ರಗಳ ಚರಿತ್ರೆಯಲ್ಲಿ ಕಪ್ಪು ಮೈಯಂಗಿಯ ಸ್ತ್ರೀ ಎಂದೊಡನೆ ವಿದ್ವಾಂಸರು ಸ್ಮರಿಸುವುದು ಲೂಯಿ ಫ್ಯುಯಾದನ 'ಲೆ ವಾಂಪಿರ್' (1915-16) ಧಾರಾವಾಹಿಯ ಮ್ಯೂಸಿದೋರಾಳನ್ನು. ಅದಕ್ಕೂ ಎರಡು ವರ್ಷ ಮುನ್ನ, 1913ರಲ್ಲಿ, ಎಕ್ಲೇರ್ ಸಂಸ್ಥೆಗಾಗಿ ವಿಕ್ತೋರಾಂ ಜಾಸೆ ನಿರ್ದೇಶಿಸಿದ 'ಪ್ರೊತೆಯಾ'ದಲ್ಲಿ ಜೋಸೆತ್ ಆಂದ್ರಿಯೋ ಅಂಥದೇ ಉಡುಪು ಧರಿಸಿದ್ದಳು. ಯಾರು ಮೊದಲು ತೊಟ್ಟರೆಂಬ ಈ ಚರ್ಚೆಯಲ್ಲಿ ಮುಖ್ಯ ವಿಷಯವೇ ಮರೆಯಾಗಿದೆ ಎಂಬುದು ನಮ್ಮ ಅಭಿಪ್ರಾಯ. ಮ್ಯೂಸಿದೋರಾ ಅಭಿನಯಿಸಿದ ಇರ್ಮಾ ವೆಪ್ ಪಾತಕಿಗಳ ಕೂಟಕ್ಕೆ ಸೇರಿದವಳು. ಪ್ರೊತೆಯಾ ರಾಜಕಾರ್ಯಕ್ಕೆ ನಿಯುಕ್ತಳಾದ ಚಾರೆ. ಕಲ್ಪಿತ ದೇಶವೊಂದರ ಮಂತ್ರಿಗಾಗಿ ಅವಳು ಬೇರೆರಡು ರಾಜ್ಯಗಳ ರಹಸ್ಯ ಒಪ್ಪಂದವನ್ನು ಅಪಹರಿಸಬೇಕು. ಮಹಾಯುದ್ಧಕ್ಕೆ ಆಗ ಒಂದೇ ವರ್ಷ ಉಳಿದಿತ್ತು.

ಬೇಗಂಪೇಟೆಯಲ್ಲಿ ಕುಳಿತು ಇದನ್ನು ಬರೆಯುವಾಗ ನಮಗೆ ಚಾರರ ಇನ್ನೊಂದು ಪರಂಪರೆ ನೆನಪಾಗುವುದು ಸಹಜ. ಇಲ್ಲಿಂದ ಉತ್ತರಕ್ಕೆ, ಕರೀಂನಗರ ಸೀಮೆಯ ಗಂಗಾಧರದಲ್ಲಿ, ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಳುಕ್ಯರ ಕಾಲದಲ್ಲಿ ಸೋಮದೇವಸೂರಿಯು 959ರಲ್ಲಿ 'ಯಶಸ್ತಿಲಕ'ವನ್ನು ಮುಗಿಸಿದನು. ಅವನದೇ 'ನೀತಿವಾಕ್ಯಾಮೃತ'ದಲ್ಲಿ ಚಾರರಿಗೆಂದೇ ಒಂದು ಪ್ರಕರಣವಿದೆ. ಆ ಶಾಸ್ತ್ರದ ಮೂಲವಾದ ಕೌಟಿಲ್ಯನ 'ಅರ್ಥಶಾಸ್ತ್ರ'ವು ಚಾರವೃತ್ತಿಗೆ ಪರಿವ್ರಾಜಿಕೆಯನ್ನು ಸೂಚಿಸುತ್ತದೆ: ಅವಳು ಬಡವಿ, ವಿಧವೆ, ಜೀವನೋಪಾಯ ಅರಸುವವಳು, ಅಂತಃಪುರದಲ್ಲಿ ಮನ್ನಣೆ ಪಡೆದವಳು. ಗಮನಿಸಬೇಕಾದುದು ಇದು: ಅವಳಿಗೆ ಬೇರೆ ವೇಷವೇ ಬೇಕಿಲ್ಲ. ವೈಧವ್ಯವೂ ದಾರಿದ್ರ್ಯವೂ ನಿಜವಾದುದರಿಂದಲೇ ಅಮಾತ್ಯರ ಮನೆಬಾಗಿಲು ಅವಳಿಗೆ ತೆರೆಯುತ್ತದೆ. ರಾಜ್ಯವು ಅವಳ ಸಂಕಟವನ್ನೇ ಮುಖವಾಡವಾಗಿ ಬಳಸಿಕೊಳ್ಳುತ್ತದೆ. 'ಮುದ್ರಾರಾಕ್ಷಸ'ದ ಕಥೆಯಲ್ಲಿ ಬರುವ ವಿಷಕನ್ಯೆಯ ಗತಿ ಇನ್ನೂ ಕಠೋರ. ಅವಳ ದೇಹವೇ ಆಯುಧ, ಹೆಸರಂತೂ ಇಲ್ಲ. ಆದರೂ ಕೌಟಿಲ್ಯನು ಪರಿವ್ರಾಜಿಕೆಗೆ 'ಪ್ರಗಲ್ಭೆ' ಎಂಬ ವಿಶೇಷಣವನ್ನೂ ಸೇರಿಸಿದ್ದಾನೆ. ವ್ಯಾಖ್ಯಾನಕಾರರು ಇಲ್ಲಿ ಇನ್ನಷ್ಟು ತಡೆದು ನಿಲ್ಲಬಹುದಿತ್ತು.

ಜಾಸೆಯ ಚಿತ್ರ ನಿಂತಿರುವುದು ಆ ಪ್ರಾಗಲ್ಭ್ಯದ ಮೇಲೆಯೇ. ಬೇಕಾದ ರೂಪ ತಾಳಬಲ್ಲ ಗ್ರೀಕರ ಪ್ರೋಟಿಯಸ್ ದೇವತೆಯ ಹೆಸರನ್ನು ಸ್ತ್ರೀಲಿಂಗಕ್ಕೆ ತಿರುಗಿಸಿ ನಾಯಿಕೆಗೆ ಇಡಲಾಗಿದೆ. ಅವಳು ಒಂದರ ಮೇಲೊಂದು ವೇಷ ಕಟ್ಟುತ್ತಾಳೆ; ಯಾವುದೂ ಅವಳ ಬಾಳಿನ ಗತಿಯಲ್ಲ, ಎಲ್ಲವೂ ಕಲಿತ ವಿದ್ಯೆ. 'ಹಾವುಮೀನು' ಎಂಬ ಅಡ್ಡಹೆಸರಿನ ಪುರುಷ ಸಹಚರನಿದ್ದರೂ ಚಿತ್ರಕ್ಕೆ ಹೆಸರು ಅವಳದೇ. ಕಪ್ಪು ಉಡುಪನ್ನೂ ಹೀಗೆಯೇ ಓದಬೇಕು: ಅದು ಪ್ರಲೋಭನೆಯ ವಸ್ತ್ರವಾಗುವ ಮೊದಲು ಕೆಲಸದ ಬಟ್ಟೆ. ಅವಳೂ ಮಂತ್ರಿಯೊಬ್ಬನ ಸಾಧನವೇ ಅಲ್ಲವೇ ಎಂಬ ಆಕ್ಷೇಪ ಬರಬಹುದು. ಹೌದು, ಆದರೆ ಕಥೆ ಮಂತ್ರಿಯನ್ನು ಹಿಂದೆ ಬಿಟ್ಟು ಅವಳೊಂದಿಗೆ ಸಾಗುತ್ತದೆ.

ಜಾಸೆ 1913ರ ಜೂನ್‌ನಲ್ಲಿ, ಚಿತ್ರ ತೆರೆ ಕಾಣುವ ಮೊದಲೇ ತೀರಿಕೊಂಡನು. ಯುದ್ಧಕಾಲದಲ್ಲಿಯೂ ಮುಂದುವರಿದ ಉತ್ತರಭಾಗಗಳಲ್ಲಿ ಆಂದ್ರಿಯೋ ಅದೇ ಹೆಸರಿನಿಂದ ಕಾಣಿಸಿಕೊಂಡಳು.