ಇಡೀ ರಾತ್ರಿಯ ಆಟಕ್ಕೆ ಒಂದು ತಾಸಿನ ಅಳತೆ

ಬಯಲಾಟದ ಒಂದು ಬಗೆಯಾದ ದೊಡ್ಡಾಟ ಎಳೆಯುತ್ತದೆ ಎಂಬುದು ಹಳೆಯ ದೂರು. ಹಾಡಿದ್ದನ್ನೇ ಮಾತಿನಲ್ಲಿ ಮತ್ತೆ ಹೇಳುತ್ತಾರೆ. ರಂಗಕ್ಕೆ ಬಂದ ರಾಜನನ್ನು, ಆಟ ನಡೆಸಿಕೊಡುವ ಸಾರಥಿ ತಡೆದು ಊರು, ಹೆಸರು, ಬಂದ ಕಾರಣ ವಿಚಾರಿಸುತ್ತಾನೆ. ಆಮೇಲೆ ರಾಣಿ ಬಂದರೆ ಅದೇ ವಿಚಾರಣೆ. ಉತ್ಸವದ ವೇದಿಕೆಯ ಮುಂದೆ ಕುರ್ಚಿಯಲ್ಲಿ ಕೂತು, ಕೈಗಡಿಯಾರ ನೋಡುತ್ತ ಆಟ ನೋಡಿದರೆ ದೂರು ನಿಜವೇ.

ಆಂಧ್ರದ ಗಡಿಗೆ ಹತ್ತಿರದ ರಾರಾವಿ, ಅದರ ಸುತ್ತಿನ ಹಗರಿ ಸೀಮೆಯ ಹಳ್ಳಿಗಳಲ್ಲಿ ಹಾಗೆ ಯಾರೂ ಕೂರುವುದಿಲ್ಲ. ಹಗಲೆಲ್ಲ ಭತ್ತದ ಗದ್ದೆಯಲ್ಲಿ ದುಡಿದವರು ಅಟ್ಟದ ಮುಂದೆ ಚಾಪೆ ಹಾಸುತ್ತಾರೆ. ನಡುರಾತ್ರಿ ಒರಗುತ್ತಾರೆ, ಮದ್ದಳೆ ಜೋರಾದರೆ ಏಳುತ್ತಾರೆ, ಚಾ ಕುಡಿದು ಬರುತ್ತಾರೆ. ತೆಲುಗು ಮನೆಮಾತಿನವರೂ ಅವರ ನಡುವೆ ಇರುತ್ತಾರೆ. ನಿದ್ದೆಯಿಂದ ಎದ್ದವರಿಗೆ ಕಥೆಯ ಎಳೆ ಕೂಡಲೇ ಸಿಗುವುದು ಆ ಹಾಡು–ಮಾತುಗಳ ಜೋಡಿಯಿಂದ, ಸಾರಥಿಯ ತನಿಖೆಯಿಂದ. ಕುರ್ಚಿಯವರಿಗೆ ಕಾಣುವ ದೋಷ ಇಲ್ಲಿ ಆಟದ ಬೆನ್ನೆಲುಬು.

ಹಾಗಂತ ಚಾಪೆಯ ಮೇಲಿನವರು ಬರೀ ಮೈಮರೆಯುತ್ತಾರೆ, ತೂಗಿ ನೋಡುವುದಿಲ್ಲ ಅನ್ನುವುದು ಪಟ್ಟಣದವರ ಭ್ರಮೆ. ಹೆಜ್ಜೆ ತಪ್ಪಿದರೆ ಹಳೆಯ ಪಾತ್ರಧಾರಿಗಳು ಕೂತಲ್ಲಿಂದಲೇ ಗದರುತ್ತಾರೆ. ಒಂದು ಪದ ಮನಸ್ಸಿಗೆ ನಾಟಿದರೆ ಆಟದ ನಡುವೆಯೇ ಎದ್ದುಹೋಗಿ ಕಾಣಿಕೆ ಕೊಡುತ್ತಾರೆ. ಆ ಪದ ಕಿವಿಯಲ್ಲಿ ಇರುವಾಗಲೇ ಬಂದ ತೀರ್ಪು ಅದು. ಅಂಥ ವಿಮರ್ಶೆ ನಮ್ಮಂಥ ಬರೆಯುವವರ ಕೈಗೆ ಎಟುಕದು. ಆದರೆ ಈ ಪದ್ಧತಿ ಈಗ ಕೆಟ್ಟಿದೆ. ಅಭಿಮನ್ಯು ಚಕ್ರವ್ಯೂಹದ ಬಾಗಿಲಲ್ಲಿ ಬಿಲ್ಲು ಹಿಡಿದು ನಿಂತೇ ಇರುತ್ತಾನೆ, ಮೈಕಿನಲ್ಲಿ ದಾನಿಗಳ ಹೆಸರು ಮುಗಿಯುವುದಿಲ್ಲ. ಹಾಡಿದವನಿಗಿಂತ ಕೊಟ್ಟವನ ಹೊಗಳಿಕೆಯೇ ಹೆಚ್ಚು. ಕಾಣಿಕೆಯ ಪಟ್ಟಿಯನ್ನು ಬೆಳಗಿನ ಮಂಗಳದ ನಂತರ ಓದಿದರೆ ಯಾರ ಗಂಟೂ ಹೋಗುವುದಿಲ್ಲ.

ಆಟವನ್ನು ನಡುವೆ ತಡೆಯುವುದೇ ತಪ್ಪು ಎಂದಲ್ಲ. ಉತ್ತರ ಕರ್ನಾಟಕದ ಜನಪದ ರಂಗಭೂಮಿಯ ಮೇಲೆ ಸಂಶೋಧನೆ ಮಾಡಿದ ಚಂದ್ರಶೇಖರ ಕಂಬಾರರು ಬಯಲಾಟದ ಸೂತ್ರಧಾರ, ಹಿಮ್ಮೇಳಗಳನ್ನು ‘ಜೋಕುಮಾರಸ್ವಾಮಿ’ ನಾಟಕಕ್ಕೆ ತಂದರು. ಅಲ್ಲಿ ಬಯಲಾಟದ ಗುಣ ಉಳಿದದ್ದು ಕಿರೀಟ, ಭುಜಕೀರ್ತಿಗಳಿಂದಲ್ಲ, ಆಟವನ್ನು ತಡೆದು ಮಾತಾಡಿಸುವ ಸ್ವಾತಂತ್ರ್ಯದಿಂದ. ಉತ್ಸವ, ಸ್ಪರ್ಧೆಗಳಿಗೆ ಒಂದು ತಾಸಿನ ದೊಡ್ಡಾಟ ಮಾಡಿಸುವವರು ಮೊದಲು ಕತ್ತರಿಸುವುದು ಇದನ್ನೇ. ಕುಣಿತ, ಗೆಜ್ಜೆ, ವೇಷ ಇಟ್ಟುಕೊಳ್ಳುತ್ತಾರೆ, ಏಕೆಂದರೆ ಅವಕ್ಕೆ ಅಂಕ ಹಾಕಬಹುದು. ಊರ ಗೌಡನನ್ನೂ ಭೀಮನನ್ನೂ ಒಂದೇ ಉಸಿರಿನಲ್ಲಿ ಗೇಲಿ ಮಾಡುವ ಸಾರಥಿಗೆ ತೀರ್ಪುಗಾರರ ಹಾಳೆಯಲ್ಲಿ ಕಾಲಂ ಇಲ್ಲ.