ಕೂಡಿ ಓದುವ ಸೊಗಸು

ಖಾರಘರದ ಸೆಂಟ್ರಲ್ ಪಾರ್ಕಿನಲ್ಲಿ ನಾವು ಕೆಲವರು ಕನ್ನಡಿಗರು ಕೂಡಿ ಇಂಗ್ಲಿಷ್ ಕವಿತೆ ಓದುತ್ತೇವೆ. ಈಗ ಥಾಮಸ್ ಕ್ಯಾಂಬೆಲ್ಲನ ‘ಲಾರ್ಡ್ ಅಲಿನ್ಸ್ ಡಾಟರ್’, ಅದರ ಜೊತೆಗೇ ಬಿಎಂಶ್ರೀ ಅವರ ಕನ್ನಡ ಅನುವಾದ ‘ಕಾರಿಹೆಗ್ಗಡೆಯ ಮಗಳು’. ಸ್ಕಾಟ್ಲೆಂಡಿನ ಒಡೆಯ ನಮ್ಮ ಹೆಗ್ಗಡೆಯಾದದ್ದು ಮೊದಲ ಬೆರಗು. ಅದಕ್ಕಿಂತ ದೊಡ್ಡ ಚರ್ಚೆ ಪದಕ್ರಮದ್ದು: ಇಂಗ್ಲಿಷಿನಲ್ಲಿ ಕರ್ತೃಪದ ಜಾಗ ಬದಲಿಸಿದರೆ ಅರ್ಥ ತಡವರಿಸುತ್ತದೆ, ಕನ್ನಡದಲ್ಲಿ ವಿಭಕ್ತಿ, ಆಖ್ಯಾತಪ್ರತ್ಯಯಗಳು ಯಾರು ಏನು ಮಾಡಿದರೆಂದು ಹೇಳಿಬಿಡುತ್ತವೆ, ಹಾಗಾಗಿ ಪದಗಳನ್ನು ಲಯಕ್ಕೆ ಬೇಕಾದಂತೆ ಕೂರಿಸಬಹುದು. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಶ್ರೀಯವರು ಆದಿಪ್ರಾಸದ ಕಟ್ಟು ಸಡಿಲಿಸಿ ಮಾತ್ರಾಗಣಗಳಿಂದ ಹೊಸ ನಡೆ ಕಟ್ಟಿದರು. ಒಬ್ಬರು ಗಟ್ಟಿಯಾಗಿ ಓದಿ, ಇನ್ನೊಬ್ಬರು ತಡೆದು ಕೇಳಿದಾಗಲೇ ಆ ನಡೆ ಕಿವಿಗೆ ದಕ್ಕುವುದು. ನಿಘಂಟು ಅಷ್ಟು ದೂರ ಕೊಂಡೊಯ್ಯಲಾರದು. ಮುಂದಿನ ಸರದಿ ಥಾಮಸ್ ಹುಡ್‌ನದು. ಅವನ ಕವಿತೆಗೆ ಶ್ರೀಯವರ ಅನುವಾದವಾದ ‘ದುಃಖಸೇತು’ವಿನ ಪ್ರತಿ ಈಗಾಗಲೇ ಕೈಯಿಂದ ಕೈಗೆ ದಾಟುತ್ತಿದೆ.